ಪಾಪೋಸೊದ ಮೈಬಣ್ಣ

ಮಿಲೆಂಕೊ ಗ್ರಾನಿಚ್ ತನ್ನ ಮನೆಗೆ ಬಂದವರನ್ನು ಎಬ್ಬಿಸಿ ಕಳಿಸಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಯಾಸ್ನಾ ಕೋಲ್ಕೆಯನ್ನು, ಅವಳ ಬಟ್ಟಲಿನಲ್ಲಿ ಚಹಾ ಇನ್ನೂ ಅರ್ಧ ಉಳಿದಿರುವಾಗ.

ಯಾಸ್ನಾ ಅವನಿಗೆ ಹೊರಗಿನವಳೇನಲ್ಲ. ಅವನ ಹೆಂಡತಿ ಫ್ರೆಸಿಯಾಳ ಕೊನೆಯ ಶಿಷ್ಯೆ. ಈಗ ಅವರೆಲ್ಲ ಇದ್ದ, ಮರಳುಗಾಡಿನಂಚಿನ ಕಡಲೂರು ಆಂತೊಫಗಾಸ್ತಾದಲ್ಲೇ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುತ್ತ, ಬಿಡುವಾದಾಗ ಫ್ರೆಸಿಯಾ ಬಿಟ್ಟುಹೋದ ಕೆಲಸವನ್ನು ಮುಂದುವರಿಸುತ್ತಿದ್ದಳು. ಗುರು ತೀರಿಕೊಂಡ ಮೇಲೂ ವಾರಕ್ಕೊಮ್ಮೆ ಸಂಜೆಯ ಚಹಾದ ಹೊತ್ತಿಗೆ ಬಿಸಿ ಬ್ರೆಡ್ಡು ಕಟ್ಟಿಸಿಕೊಂಡು ಬರುವುದನ್ನು ತಪ್ಪಿಸಿರಲಿಲ್ಲ. ಪ್ರೊಫೆಸರನಾಗಿದ್ದ ಮುದುಕ ಬೆಣ್ಣೆಹಣ್ಣು ಕಿವುಚಿ ಉಪ್ಪು ಬೆರೆಸಿ ಇಟ್ಟಿರುತ್ತಿದ್ದ. ಇಬ್ಬರೂ ತಿನ್ನುತ್ತ, ವಿಭಾಗದಲ್ಲಿ ಯಾರು ಯಾರ ಕಾಲೆಳೆದರು ಎಂದು ಮಾತಾಡುತ್ತ, ಕಿಟಕಿಯಾಚೆ ಸಮುದ್ರ ಕೆಂಪಾಗುವವರೆಗೂ ಕೂರುತ್ತಿದ್ದರು. ಅವತ್ತು ಮಾತ್ರ ಯಾಸ್ನಾ ಬ್ರೆಡ್ಡು ಮುಟ್ಟಲಿಲ್ಲ.

"ಒಂದೇ ಒಂದು ಚೂರು ಸಾಕು ಪ್ರೊಫೆ," ಎಂದಳು. "ಹೆಬ್ಬೆರಳಿನ ತುದಿಯಷ್ಟು. ಪುಡಿ ಮಾಡಿ ನೋಡ್ತೀನಿ. ಉಳಿದದ್ದು ಹಾಗೇ ನಿಮ್ಮ ಹತ್ರಾನೇ ಇರತ್ತೆ."

"ಯಾವುದರ ಚೂರು?" ಗೊತ್ತಿದ್ದೂ ಕೇಳಿದ ಮಿಲೆಂಕೊ.

ಯಾಸ್ನಾ ತಟ್ಟೆಲೋಟಗಳ ಬೀರುವಿನ ಕಡೆ ನೋಡಿದಳು. ಅದರ ಮೇಲೆ ಮುಷ್ಟಿಗಿಂತ ತುಸು ದೊಡ್ಡದಾದ ಕಲ್ಲೊಂದಿತ್ತು. ಹಾಲು ಸೀದ ಪಾತ್ರೆಯ ತಳದಂಥ ಕಪ್ಪು ಸಿಪ್ಪೆ. ಒಂದು ಮೂಲೆಯಲ್ಲಿ ಮಾತ್ರ ಗರಗಸ ಆಡಿಸಿದ ಗುರುತು.

"ಅದು ಫ್ರೆಸಿಯಾಳ ಕಲ್ಲು."

"ಗೊತ್ತು. ಅದಕ್ಕೇ ಕೇಳ್ತಿರೋದು. ನಮ್ಮ ಹತ್ರ ಇರೋ ಬೇರೆ ಉಲ್ಕೆಗಳೆಲ್ಲ ಮರಳುಗಾಡಲ್ಲಿ ಎಷ್ಟೋ ಕಾಲ ಬಿದ್ದಿದ್ದು, ಕಡಲಿನ ಮಂಜು ಕುಡಿದು ತುಕ್ಕು ಹಿಡಿದಿರೋವು. ತುಕ್ಕೂ ಕೆಂಪು, ಬಿಸಿಲು ಸುಟ್ಟಿದ್ದೂ ಕೆಂಪು. ಯಾವುದು ಯಾವುದು ಅಂತ ಹೇಳೋದು? ಇದೊಂದು ಬಿದ್ದ ದಿನವೇ ಕೈಗೆ ಸಿಕ್ಕಿದ್ದು. ಒಂದು ಹನಿ ನೀರು ಕಂಡಿಲ್ಲ. ಊರೂರಿನ ಮ್ಯೂಸಿಯಮ್ಮಿಗೆಲ್ಲ ಬರೆದು ಕೇಳ್ದೆ, ಕುಟ್ಟಿ ಹಾಕೋಕೆ ಯಾರೂ ಕೊಡಲ್ಲಂತೆ."

"ಅವರು ಕೊಡಲ್ಲ. ನಾನು ಕೊಡ್ತೀನಿ ಅಂದ್ಕೊಂಡ್ಯಾ? ಮೆಣಸು ಕುಟ್ಟಿದ ಹಾಗೆ ಕುಟ್ಟೋದಕ್ಕೆ?"

"ಸೆನ್ಯೋರಾ ಫ್ರೆಸಿಯಾ ಇದ್ದಿದ್ರೆ..."

"ಅವಳಿಲ್ಲ. ಎದ್ದೇಳು."

"ಪ್ರೊಫೆ, ಒಂದ್ನಿಮಿಷ ಕೇಳಿ..."

"ಎದ್ದೇಳು ಅಂದೆ, ಕಿವಿಗೆ ಬೀಳಲಿಲ್ವಾ?"

ಯಾಸ್ನಾ ಎದ್ದಳು. ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದಳು. ಅದು ಅವನಿಗೆ ಇನ್ನಷ್ಟು ಚುಚ್ಚಿತು. ದಡಾರೆಂದು ಬಡಿದು ಹೋಗಿದ್ದರೆ ಸಿಟ್ಟು ಮುಂದುವರಿಸಲಿಕ್ಕೆ ಒಂದು ನೆಪವಾದರೂ ಇರುತ್ತಿತ್ತು. ಗಾಳಿಗೆಂದು ಅಂಗಳಕ್ಕೆ ಬಂದರೆ ಪಕ್ಕದ ಮನೆಯ ಎರ್ಮೀನಿಯಾ ಗೋಡೆಯ ಮೇಲಿಂದ ಕತ್ತು ಚಾಚಿದ್ದಳು. ಅವಳ ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಡಬ್ಬಿ.

"ಏನ್ ದೋನ್ ಮಿಲೆಂಕೊ, ಆ ಹುಡುಗಿ ಕಣ್ಣೊರೆಸ್ಕೊಂಡು ಹೋದ್ಳಲ್ಲ! ನಿಮ್ಮ ನಾಲಿಗೇನ ತಾಮ್ರದ ಗಣಿಯವರ ಆಸಿಡ್ಡಲ್ಲಿ ನೆನೆ ಹಾಕಿಟ್ಟಿದ್ರಾ ಹೇಗೆ?"

"ನಿಮ್ಮ ಗಿಡಕ್ಕೆ ನೀರು ಹಾಕ್ಕೊಳಿ ಅಮ್ಮ."

"ಗಿಡ ಎಲ್ಲಿಗೂ ಓಡಿ ಹೋಗಲ್ಲ. ಮನುಷ್ಯರು ಹೋಗ್ತಾರೆ," ಎಂದು ಹೇಳಿ ಅವಳು ಕತ್ತು ಒಳಗೆಳೆದುಕೊಂಡಳು.

ಮಿಲೆಂಕೊ ಮತ್ತು ಫ್ರೆಸಿಯಾ ಇಬ್ಬರದೂ ಒಂದೇ ಕಸುಬು. ಯಾರೂ ಕಾಲಿಡದ, ಬಹುಶಃ ಇಡಲಾರದ ಲೋಕಗಳನ್ನು ದೂರದಿಂದಲೇ ನೋಡಿ, ಅವುಗಳ ನೆಲ ಯಾವುದರಿಂದ ಆಗಿದೆ ಎಂದು ಹೇಳುವುದು. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಕ್ಷುದ್ರಗ್ರಹಗಳಿಗೆ ಗಾಳಿಯಿಲ್ಲ, ಮೋಡವಿಲ್ಲ. ಸೂರ್ಯನ ಬೆಳಕು ನೇರ ಮೈಮೇಲೆ ಬಿದ್ದು ಹಿಂದಿರುಗುತ್ತದೆ. ಹಿಂದಿರುಗುವಾಗ ಅದು ಇಡಿಯಾಗಿರುವುದಿಲ್ಲ. ಒಂದೊಂದು ಖನಿಜ ಒಂದೊಂದು ಬಣ್ಣವನ್ನು ನುಂಗಿಕೊಂಡಿರುತ್ತದೆ. ಯಾವ ಬಣ್ಣ ಎಷ್ಟು ಕಡಿಮೆಯಾಯಿತು ಎಂಬುದನ್ನು ಒಂದು ಗೆರೆಯಾಗಿ ಬರೆದರೆ ಅದರಲ್ಲಿ ಅಲ್ಲಲ್ಲಿ ತಗ್ಗುಗಳು ಕಾಣುತ್ತವೆ. ಆ ತಗ್ಗುಗಳಲ್ಲಿ ಅಲ್ಲಿಯ ಕಲ್ಲಿನ ಕುಲಗೋತ್ರವೆಲ್ಲ ಇರುತ್ತದೆ, ಓದಲು ಬರಬೇಕು ಅಷ್ಟೇ. ಗಂಡಹೆಂಡಿರಿಬ್ಬರಿಗೂ ಓದಲು ಬರುತ್ತಿತ್ತು. ತೊಂದರೆಯೆಂದರೆ ಒಂದೇ ಗೆರೆಯನ್ನು ಇಬ್ಬರೂ ಬೇರೆ ಬೇರೆಯಾಗಿ ಓದಿದ್ದರು.

ಆ ಗೆರೆ ಪಾಪೋಸೊ ಎಂಬ ಪುಟ್ಟ ಕ್ಷುದ್ರಗ್ರಹದ್ದು. ಹೆಸರಿಡುವ ಸರದಿ ಬಂದಾಗ ಫ್ರೆಸಿಯಾ ತಾನು ಹುಟ್ಟಿದ ಮೀನುಗಾರರ ಹಳ್ಳಿಯ ಹೆಸರನ್ನೇ ಇಟ್ಟಿದ್ದಳು. ಪಾಪೋಸೊದ ತಗ್ಗುಗಳು ಆಳವಾಗಿರಲಿಲ್ಲ, ಯಾರೋ ಅರ್ಧ ಅಳಿಸಿಬಿಟ್ಟ ಹಾಗೆ. ಗೆರೆಯೂ ಕೆಂಪಿನ ಕಡೆಗೆ ಏರುತ್ತ ಹೋಗಿತ್ತು. ಅದು ಕಬ್ಬಿಣದ ಗುಣ ಎಂದ ಮಿಲೆಂಕೊ. ಯಾವುದೋ ದೊಡ್ಡ ಲೋಕ ಒಡೆದು ಚೂರಾದಾಗ ಅದರ ಹೊಟ್ಟೆಯೊಳಗಿನ ಕಬ್ಬಿಣ, ಕಲ್ಲಿನ ಜೊತೆ ಕಲಸಿಕೊಂಡು ಹೊರಬಿದ್ದಿದೆ. ಪಾಪೋಸೊ ಅಂಥದೊಂದು ಚೂರು. ಫ್ರೆಸಿಯಾ ಒಪ್ಪಲಿಲ್ಲ. ಅದು ಭೂಮಿಗೆ ದಿನಾ ಬೀಳುವಂಥ ಸಾಧಾರಣ ಕಲ್ಲೇ, ಬಿಸಿಲಿಗೆ ಬಣ್ಣ ಕೆಟ್ಟಿದೆ ಎಂದಳು. ಗಾಳಿಯ ಮರೆಯಿಲ್ಲದ ನೆಲಕ್ಕೆ ಸೂರ್ಯನಿಂದ ಸಿಡಿದ ಕಣಗಳೂ ಎಲ್ಲಿಂದಲೋ ಹಾರಿಬರುವ ದೂಳೂ ಯುಗಯುಗಗಳಿಂದ ಬಡಿಯುತ್ತಿದ್ದರೆ ಕಲ್ಲಿನೊಳಗಿನ ಕಬ್ಬಿಣವೇ ಹೊಗೆಯಂತೆ ಎದ್ದು ಪ್ರತಿ ಕಣದ ಮೇಲೂ ತೆಳ್ಳಗೆ ಕೂರುತ್ತದೆ. ತಗ್ಗುಗಳನ್ನು ಮುಚ್ಚುವುದು ಆ ಲೇಪ ಎನ್ನುವುದು ಅವಳ ವಾದ. ಆಗಿನ್ನೂ ಯಾವ ನೌಕೆಯೂ ಅಂಥ ಲೋಕದಿಂದ ಚಿಟಿಕೆ ದೂಳನ್ನೂ ತಂದಿರಲಿಲ್ಲ. ಹಾಗಾಗಿ ಇಬ್ಬರ ಮಾತೂ ನಡೆಯುತ್ತಿತ್ತು.

ನಡೆದದ್ದು ಎಲ್ಲಿ? ಊಟದ ಮೇಜಿನಲ್ಲಿ, ಸಂತೆಯಲ್ಲಿ ಟೊಮೆಟೊ ಆರಿಸುವಾಗ, ಬೆಟ್ಟದ ಮೇಲಿನ ದೂರದರ್ಶಕಕ್ಕೆ ಹೋಗುವ ಉದ್ದದ ದಾರಿಯಲ್ಲಿ.

"ಕಡಲ ಬಿಸಿಲಲ್ಲಿ ಸುಟ್ಟ ನಮ್ಮಪ್ಪನ ಮುಖ ನೋಡಿ, ಇವನ ಚರ್ಮ ತೊಗಲಿನ ಚೀಲದಿಂದ ಹೊಲಿದಿದ್ದು ಅಂದ ಹಾಗಿದೆ ನಿನ್ನ ವಾದ," ಎನ್ನುತ್ತಿದ್ದಳು ಫ್ರೆಸಿಯಾ. "ಅಂಗಿ ಬಿಚ್ಚಿಸಿ ಬೆನ್ನು ನೋಡು ಮಹಾರಾಯ. ಹಾಲಿನ ಹಾಗೆ ಬೆಳ್ಳಗಿರತ್ತೆ."

"ಬಂಡೆಗೆ ಎಲ್ಲಿಯ ಅಂಗಿ?"

"ಒಳಗಡೆ ಇರತ್ತೆ ಕಣೋ ಮುದುಕಾ, ಅದರ ಅಂಗಿ. ಒಡೆದು ನೋಡ್ಬೇಕು."

ಅವನಿಗಿನ್ನೂ ಮೂವತ್ತು ದಾಟದಿದ್ದಾಗಲೇ ಅವಳು ಅವನನ್ನು ಮುದುಕಾ ಎಂದು ಕರೆಯಲು ಶುರುಮಾಡಿದ್ದಳು.

ಬೀರುವಿನ ಮೇಲಿನ ಕಲ್ಲು ಸಿಕ್ಕಿದ್ದೂ ಹೀಗೊಂದು ಜಗಳದ ನಡುವೆಯೇ. ಬೆಟ್ಟ ಇಳಿದು ಬರುತ್ತಿದ್ದರು. ನಟ್ಟನಡು ಹಗಲು. ಆಕಾಶದಲ್ಲಿ ಬಿಳಿಯ ಗೀಟು ಎಳೆದಂತಾಯಿತು, ಕೊಂಚ ಹೊತ್ತಿಗೆ ಗುಡುಗು. ಗುಡುಗು ಎಂದರೇನೆಂದೇ ಗೊತ್ತಿಲ್ಲದ ಸೀಮೆ ಅದು. ಪಾಳುಬಿದ್ದ ಉಪ್ಪಿನ ಕಾರ್ಖಾನೆಯೊಂದರ ಹಿಂದಿನ ಬಯಲಿಗೆ ಫ್ರೆಸಿಯಾ ಹುಡುಕುತ್ತ ಹೋದಳು. ಮಿಲೆಂಕೊ ಗಾಡಿಯ ನೆರಳಲ್ಲಿ ಕೂತು, ಸಿಗುವುದಿಲ್ಲ ಬಾ ಎಂದು ಕೂಗಿ ಕೂಗಿ ಕೊನೆಗೆ ನಿದ್ದೆ ಹೋದ. ಕಣ್ಣು ಬಿಟ್ಟಾಗ ಅವಳು ತಲೆವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು, ಹೆರಿಗೆ ವಾರ್ಡಿನಿಂದ ಬಂದವಳ ಹಾಗೆ ಎದುರಿಗೆ ನಿಂತಿದ್ದಳು. ಮೂಲೆ ಕೊಯ್ದು ನೋಡಿದಾಗ ಅದು ಸಾಧಾರಣ ಕಲ್ಲಿನ ಉಲ್ಕೆ ಎಂದು ಗೊತ್ತಾಯಿತು. ಪಾಪೋಸೊದಲ್ಲಿ ಇದೆಯೆಂದು ಅವಳು ಹೇಳುತ್ತಿದ್ದ ಖನಿಜಗಳೇ ಅದರಲ್ಲಿದ್ದವು. ಆದರೆ ಅಷ್ಟು ಸಾಲದು. ಅಂಥ ಲೋಕಗಳ ನೆಲ ನುಣುಪು ಬಂಡೆಯಲ್ಲ, ಪೆಟ್ಟು ತಿಂದು ತಿಂದು ಪುಡಿಯಾದ ದೂಳು. ಕಲ್ಲನ್ನು ಪುಡಿ ಮಾಡಬೇಕು, ಆ ಪುಡಿಗೆ ಕೋಟ್ಯಂತರ ವರ್ಷದ ಬಿಸಿಲು ತಾಗಿಸಬೇಕು. ಅಷ್ಟು ಬಿಸಿಲನ್ನು ಎಲ್ಲಿಂದ ತರುವುದು? ಕಲ್ಲು ಬೀರುವಿನ ಮೇಲೆ ಕೂತಿತು.

ಹೀಗಿರುವಾಗ ಫ್ರೆಸಿಯಾಳಿಗೆ ಹೊಟ್ಟೆನೋವು ಬಂತು. ಒಂದು ಬೇಸಿಗೆಯೊಳಗೆ ಎಲ್ಲ ಮುಗಿಯಿತು. ಅದಾಗಿ ಈಗ ಎರಡು ಚಳಿಗಾಲ ಕಳೆದಿದ್ದವು. ಈ ನಡುವೆ ಭೌತಶಾಸ್ತ್ರ ವಿಭಾಗಕ್ಕೆ ಹೊಸ ಲೇಸರ್ ಯಂತ್ರ ಬಂದಿತ್ತು. ದೂಳಿನ ಕಣವೊಂದು ಬಂದು ಬಡಿದಾಗ ಎಷ್ಟು ಚುರುಕಾಗಿ ಕಾವೇಳುತ್ತದೋ ಅಷ್ಟೇ ಚುರುಕಾಗಿ ಬೆಳಕಿನ ಪೆಟ್ಟು ಕೊಡಬಲ್ಲ ಯಂತ್ರ. ಯುಗಗಳ ಬಿಸಿಲು ಒಂದು ಮಧ್ಯಾಹ್ನದ ಮಾತಾಗಿತ್ತು.

ಯಾಸ್ನಾ ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಮಿಲೆಂಕೊ ಬೆಣ್ಣೆಹಣ್ಣು ಕಿವುಚಿಟ್ಟು, ಅದು ಕಪ್ಪಾಗುವುದನ್ನು ನೋಡಿ, ಒಬ್ಬನೇ ತಿಂದ. ಶನಿವಾರ ಎಂದಿನಂತೆ ಮೀನಿನ ಕಟ್ಟೆಗೆ ಹೋದ. ಮೀನು ಹೆಚ್ಚುವವರ ಕಾಲಬುಡದಲ್ಲಿ ಪೆಲಿಕನ್ನುಗಳು ಸಾಲ ವಸೂಲಿಗೆ ಬಂದವರ ಹಾಗೆ ನಿಂತಿದ್ದವು. ಕೆಳಗೆ ನೀರಿನಲ್ಲಿ ಕಡಲಸಿಂಹಗಳ ಅರಚಾಟ. ಯಾಸ್ನಾ ಅಲ್ಲೇ ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದಳು. ಅವನಿಗಾಗಿಯೇ ಕಾದಿದ್ದಳು ಎಂಬುದನ್ನು ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ನಿಂಬೆಹುಳಿಯಲ್ಲಿ ನೆನೆದ ಹಸಿಮೀನಿನ ಎರಡು ಲೋಟ ಅವಳ ಪಕ್ಕದಲ್ಲಿದ್ದವು. ಒಂದನ್ನು ಅವನತ್ತ ಸರಿಸಿದಳು.

"ಇನ್ನೂ ಸಿಟ್ಟಿದೆಯಾ ಪ್ರೊಫೆ?"

"ಇದೆ. ಖಾರ ಹಾಕ್ಸಿದ್ದೀಯಾ?"

"ಹಾಕ್ಸಿದ್ದೀನಿ."

ಇಬ್ಬರೂ ಸ್ವಲ್ಪ ಹೊತ್ತು ತಿಂದರು.

"ಒಂದ್ಮಾತು ಹೇಳ್ಬೇಕು," ಎಂದಳು ಯಾಸ್ನಾ. "ಸೆನ್ಯೋರಾ ಆಸ್ಪತ್ರೆಯಲ್ಲಿದ್ದಾಗ ನನ್ನ ಹತ್ರ ಈ ಕಲ್ಲಿನ ವಿಷ್ಯ ಮಾತಾಡಿದ್ರು. 'ಲೇಸರ್ ಬರತ್ತಂತಲ್ಲ, ಬಂದ ತಕ್ಷಣ ಅವನನ್ನ ಕೇಳ್ಬೇಡ. ಒಂದು ವರ್ಷ ಸುಮ್ನಿರು. ಆಮೇಲೆ ಕೇಳು. ಕೇಳಿದ್ಮೇಲೆ ಬಿಡ್ಬೇಡ' ಅಂದ್ರು. ನಾನು ಒಂದು ವರ್ಷ ಹೆಚ್ಚಿಗೇನೇ ಸುಮ್ನಿದ್ದೆ."

ಮಿಲೆಂಕೊ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ನೀರು ನೋಡುತ್ತ ಕೂತ. ತಾನು ಕಲ್ಲು ಬಿಟ್ಟುಕೊಡುವುದಿಲ್ಲ ಎಂದು ಫ್ರೆಸಿಯಾಳಿಗೆ ಮೊದಲೇ ಗೊತ್ತಿತ್ತು ಎಂದಾಯಿತು. ತನಗೇ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು.

"ಕಲ್ಲು ಹಾಳಾಗತ್ತೆ ಅಂತಲ್ಲ ಮಗಳೇ," ಎಂದ. "ಅದು ಕಲ್ಲು. ಬಿದ್ದಿತ್ತು, ತಂದ್ಳು. ಆದ್ರೆ ನೋಡು, ಮನೇಲಿ ಒಬ್ಬನೇ ಇರ್ತೀನಿ. ಗೆರೆ ತೆಗೆದು ನೋಡ್ತೀನಿ. ಇದು ಕಬ್ಬಿಣಾನೇ ಅಂತೀನಿ. ಅಂದ ತಕ್ಷಣ ಅವಳು ಏನೋ ಒಂದು ಅಂತಾಳೆ. ದಿನಾ ಬೇರೆ ಬೇರೆ ಅಂತಾಳೆ. ನಾನು ಕಟ್ಟಿ ಹೇಳೋದಲ್ಲ, ತಾನಾಗೇ ಬರತ್ತೆ. ನೀನು ಕಲ್ಲು ಕುಟ್ಟಿ ಲೆಕ್ಕ ಮುಗಿಸ್ಬಿಟ್ರೆ ಆಮೇಲೆ ಅವಳು ಯಾಕೆ ಮಾತಾಡ್ತಾಳೆ? ಗೆದ್ದೋರೂ ಮಾತಾಡಲ್ಲ, ಸೋತೋರೂ ಮಾತಾಡಲ್ಲ."

ಸಮಾಧಾನದ ಮಾತು ಯಾಸ್ನಾಳಿಗೆ ಬರುತ್ತಿರಲಿಲ್ಲ; ಆ ವಿಷಯದಲ್ಲಿ ಅವಳು ಗುರುವಿನ ಹಾಗೇ.

"ಅವರಿಗೆ ಜಗಳ ಬೇಕಿರಲಿಲ್ಲ ಪ್ರೊಫೆ, ಉತ್ತರ ಬೇಕಿತ್ತು," ಎಂದಳು. "ಜಗಳ ಬೇಕಿದ್ದಿದ್ದು ನಿಮಗೆ."

ಅದು ಕಪಾಳಕ್ಕೆ ಬಿದ್ದ ಹಾಗಾಯಿತು. ಮಿಲೆಂಕೊ ಎದ್ದು, ಲೋಟದಲ್ಲಿ ಉಳಿದ ಮೀನನ್ನು ಹತ್ತಿರದ ಪೆಲಿಕನ್ನಿಗೆ ಸುರಿದು, ಮನೆಯ ಕಡೆ ಹೊರಟ. ಹತ್ತು ಹೆಜ್ಜೆ ಹೋದವನು ತಿರುಗಿ ನಿಂತ.

"ಕುಟ್ಟೋದು ನಾನೇ. ನೀನು ಕೈ ಹಾಕೋ ಹಾಗಿಲ್ಲ. ಇನ್ನೊಂದು ವಿಷ್ಯ, ಕಬ್ಬಿಣಗಲ್ಲೂ ಒಂದು ಚೂರು ತರ್ತೀನಿ, ಕಬ್ಬಿಣ ಬೆರೆತ ಉಲ್ಕೆ, ನನ್ನದು. ಅದನ್ನೂ ಹಾಗೇ ಸುಡ್ಬೇಕು. ನನ್ನ ಪಕ್ಷಕ್ಕೂ ಒಬ್ಬ ವಕೀಲ ಬೇಕಲ್ಲ."

ಸೋಮವಾರ ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ಅವನು ಅಂಗಿಯ ತೋಳು ಮಡಿಸಿ ಕೂತ. ಗರಗಸ ಕಲ್ಲಿಗೆ ತಾಗಿದಾಗ ಪಟಾಕಿ ಹಾರಿಸಿದ ಮೇಲಿನ ವಾಸನೆ ಎದ್ದಿತು. ಒಡೆದ ಚೂರಿನ ಒಳಮೈ ತಿಳಿಬೂದು, ಹೊಸ ಸಿಮೆಂಟಿನ ಬಣ್ಣ. ಅಲ್ಲಲ್ಲಿ ಲೋಹದ ಸಣ್ಣ ಮಿಂಚು. ಅದನ್ನು ನುಣುಪುಕಲ್ಲಿನ ಪುಟ್ಟ ಕುಟ್ಟಾಣಿಗೆ ಹಾಕಿ ಕುಟ್ಟತೊಡಗಿದ. ಮೊದಲ ಪೆಟ್ಟು ಮೆಲ್ಲಗೆ ಹಾಕಿದ, ಆಮೇಲೆ ಹಳೆಯ ಅಭ್ಯಾಸ ಮರಳಿತು. ನಲವತ್ತು ವರ್ಷ ಇದನ್ನೇ ಮಾಡಿದ ಕೈ. ಕುಟ್ಟಿ, ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಕುಟ್ಟಿ, ಪೌಡರಿನಷ್ಟು ಸಣ್ಣಗೆ ಮಾಡಿದ. ಆಮೇಲೆ ತನ್ನ ಕಬ್ಬಿಣಗಲ್ಲನ್ನು ಹಿಡಿದ. ಅದು ಮಣಿಯದೆ ಮಧ್ಯಾಹ್ನದವರೆಗೂ ಅವನ ಬೆವರಿಳಿಸಿತು.

ಮೊದಲು ಫ್ರೆಸಿಯಾಳ ಕಲ್ಲಿನ ಪುಡಿಯಿಂದ ಹಿಂದಿರುಗುವ ಬೆಳಕನ್ನು ಹಾಗೇ ಅಳೆದರು. ಪರದೆಯ ಮೇಲೆ ಗೆರೆ ಮೂಡಿತು. ತಗ್ಗುಗಳು ಬಾವಿಯ ಹಾಗೆ ಆಳ, ಕೆಂಪಿನ ಏರು ಇಲ್ಲವೇ ಇಲ್ಲ. ಪಾಪೋಸೊದ ಗೆರೆಗೂ ಇದಕ್ಕೂ ಅಜಗಜಾಂತರ.

"ನೋಡಿದ್ಯಾ!" ಮಿಲೆಂಕೊ ತೊಡೆ ತಟ್ಟಿದ. "ನಾನೇನ್ ಹೇಳ್ತಿದ್ದೆ? ಎಲ್ಲಿಯ ಪಾಪೋಸೊ, ಎಲ್ಲಿಯ ಇದು!"

"ಇನ್ನೂ ಬಿಸಿಲು ತಾಗಿಸಿಲ್ಲ ಪ್ರೊಫೆ. ಅವಸರ ಮಾಡ್ಬೇಡಿ," ಎಂದಳು ಯಾಸ್ನಾ.

ಪುಡಿಯನ್ನು ಚಿಕ್ಕ ತಟ್ಟೆಗೆ ಹರಡಿ ಗಾಜಿನ ಕಿಟಕಿಯಿದ್ದ ಉಕ್ಕಿನ ಪಾತ್ರೆಯೊಳಗಿಟ್ಟು, ಅದರೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದರು. ಯಾಸ್ನಾ ಲೇಸರ್ ಹಚ್ಚಿದಳು. ಗೋಡೆಗಡಿಯಾರದಂಥ ಟಿಕ್ ಟಿಕ್ ಸದ್ದು, ಅಷ್ಟೇ. ಒಂದೊಂದು ಟಿಕ್ಕಿಗೂ ಪುಡಿಯ ಮೇಲೆ ಸೂಜಿಮೊನೆಯಷ್ಟು ಕಿಡಿ. ಮೊದಲ ಸುತ್ತು ಮುಗಿದಾಗ ಪುಡಿ ಕೊಂಚ ಮಂಕಾಗಿತ್ತು. ಎರಡನೆಯದರ ನಂತರ ಬಣ್ಣ ತಿರುಗಿದ್ದು ಕಣ್ಣಿಗೇ ಕಾಣುತ್ತಿತ್ತು, ಹುರಿಹಿಟ್ಟು ಬಾಣಲೆಯಲ್ಲಿ ಬಣ್ಣ ತಿರುಗುವ ಹಾಗೆ. ಪ್ರತಿ ಸುತ್ತಿಗೂ ಅಳೆದರು. ತಗ್ಗುಗಳು ತುಂಬುತ್ತ ಬಂದವು. ಗೆರೆಯ ಕೆಂಪು ತುದಿ ಮೆಲ್ಲಗೆ ಮೇಲೆದ್ದಿತು. ಮಿಲೆಂಕೊ ತೊಡೆ ತಟ್ಟುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿ ಕೂತ.

ಕೊನೆಯ ಸುತ್ತಿನ ಗೆರೆಯ ಮೇಲೆ ಯಾಸ್ನಾ ಪಾಪೋಸೊದ ಗೆರೆಯನ್ನು ತಂದಿಟ್ಟಳು. ಒಂದರ ಮೇಲೊಂದು ಕೂತವು. ಸಣ್ಣಪುಟ್ಟ ನಡುಕ ಬಿಟ್ಟರೆ ಎರಡೆಂದು ಹೇಳುವಂತಿರಲಿಲ್ಲ.

"ನನ್ನದನ್ನ ಹಾಕು," ಎಂದ ಮಿಲೆಂಕೊ.

ಕಬ್ಬಿಣಗಲ್ಲಿನ ಪುಡಿಯನ್ನೂ ಅಷ್ಟೇ ಸುಟ್ಟರು. ಅದು ಎಷ್ಟು ಸುಟ್ಟರೂ ಜಗ್ಗಲಿಲ್ಲ. ಕೆಂಪಿನ ಏರು ಪಾಪೋಸೊದ ಗೆರೆಗೆ ಹೊಂದಿತು, ಆದರೆ ತಗ್ಗು ಇರಬೇಕಾದ ಜಾಗದಲ್ಲಿ ಇರದೆ ಪಕ್ಕಕ್ಕೆ ಸರಿದು ಕೂತಿತ್ತು. ಏನು ಮಾಡಿದರೂ ಅಲ್ಲೇ.

"ಇನ್ನೊಮ್ಮೆ ಮಾಡು. ಎರಡನ್ನೂ. ಹೊಸ ಪುಡಿಯಿಂದ."

"ಮಾಡೋಣ ಪ್ರೊಫೆ."

ಮಾರನೆಯ ದಿನ ಇನ್ನೊಮ್ಮೆ ಮಾಡಿದರು. ಅದೇ ಬಂತು. ಮಿಲೆಂಕೊ ಕುಟ್ಟಾಣಿ ತೊಳೆದು ಒರೆಸಿಟ್ಟ, ತೋಳು ಇಳಿಸಿ ಗುಂಡಿ ಹಾಕಿಕೊಂಡ, ಟೊಪ್ಪಿ ಹಾಕಿಕೊಂಡು ಹೊರಟುಹೋದ. ಬರ್ತೀನಿ ಎಂದೂ ಹೇಳಲಿಲ್ಲ.

ಮನೆಗೆ ಬಂದವನಿಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಇಷ್ಟು ವರ್ಷ ಬೆಳಕಿನ ಗೆರೆ ಓದುವುದರಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದು ದೇಶವಿದೇಶದವರು ಹೇಳಿದ್ದನ್ನು ನಂಬಿಕೊಂಡಿದ್ದ. ಫ್ರೆಸಿಯಾಳ ಮಾತನ್ನು ಮೀನುಗಾರನ ಮಗಳ ತಮಾಷೆ ಎಂದು ಒಳಗೊಳಗೇ ಬದಿಗಿಟ್ಟಿದ್ದ ಎಂಬುದು ಈಗ ಅವನಿಗೆ ಹೊಳೆಯಿತು. ಎದುರಿಗೆ ವಾದ ಮಾಡುತ್ತಿದ್ದ ನಿಜ, ಆದರೆ ಅವಳು ಸರಿಯಿರಬಹುದು ಎಂದು ಒಂದು ದಿನವಾದರೂ ಭಯಪಟ್ಟಿರಲಿಲ್ಲ. ಭಯವಿಲ್ಲದೆ ಮಾಡಿದ ಜಗಳ ಎಂಥ ಜಗಳ? ಅವಳಿಗೆ ಇದು ಗೊತ್ತಿತ್ತೇ? ಗೊತ್ತಿದ್ದೇ ಇರುತ್ತದೆ. ಆದರೂ ದಿನದಿನವೂ ಕೂತು ವಾದಿಸುತ್ತಿದ್ದಳಲ್ಲ!

ಸೂಪು ಬಿಸಿ ಮಾಡಿಕೊಂಡು ಮೇಜಿಗೆ ಕೂತ.

"ಸರಿ ಕಣೇ, ನೀನೇ ಗೆದ್ದೆ," ಎಂದು ಗಟ್ಟಿಯಾಗಿ ಹೇಳಿದ.

ಕಾದ. ಏನೂ ಬರಲಿಲ್ಲ. ಮುದುಕಾ ಎಂದು ಶುರುವಾಗುವ ಯಾವ ಮಾತೂ ತಾನಾಗಿ ಬರಲಿಲ್ಲ. ಬೇಕೆಂದೇ ಕಟ್ಟಿ ನೋಡಿದ, ಅದು ತನ್ನದೇ ದನಿಯಲ್ಲಿ ಕೇಳಿಸಿತು. ಸೂಪು ಆರಿತು. ಎರಡು ವರ್ಷದ ಹಿಂದೆ ಸ್ಮಶಾನದಲ್ಲಿ ಎಲ್ಲರ ಕೈ ಕುಲುಕಿ ಕಲ್ಲಿನ ಹಾಗೆ ನಿಂತಿದ್ದ ಮಿಲೆಂಕೊ ಅವತ್ತು ಮೊದಲ ಸಲ ಬಾಯಿಬಿಟ್ಟು ಅತ್ತ.

ಕೆಲವು ದಿನ ಬಾಗಿಲು ತೆಗೆಯಲಿಲ್ಲ. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಎರ್ಮೀನಿಯಾ ಗೋಡೆಯ ಮೇಲಿಂದ ಜೋಳದ ಕಡುಬಿನ ತಟ್ಟೆ ಇಳಿಸಿದಳು. "ಸಾಯೋದಿದ್ರೆ ತಟ್ಟೆ ವಾಪಸ್ ಕೊಟ್ಟು ಸಾಯಿರಿ, ಅದು ನಮ್ಮಮ್ಮಂದು," ಎಂದಳು. ಅವನಿಗೆ ನಗು ಬಂತು. ತಟ್ಟೆ ತೊಳೆದು ಕೊಟ್ಟ. ಹೊರಗೆ ಬಂದದ್ದೇ ಬಂದೆ ಎಂದು ಗಡ್ಡ ಹೆರೆದುಕೊಂಡು ವಿಭಾಗಕ್ಕೆ ಹೋದ.

ಅಲ್ಲಿ ಯಾಸ್ನಾ ತಿಂಗಳ ಸಭೆಯಲ್ಲಿ ಈ ಫಲಿತಾಂಶ ಹೇಳುವವಳಿದ್ದಳು. ಮಿಲೆಂಕೊ ಹಿಂದಿನ ಸಾಲಿನಲ್ಲಿ ಕೂತದ್ದನ್ನು ಕಂಡು ಕೆಲವರು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಮುದುಕ ಇವಳನ್ನು ಹುರಿದು ಮುಕ್ಕುತ್ತಾನೆ ಎಂದು ಕಾದರು. ಯಾಸ್ನಾ ಎಲ್ಲವನ್ನೂ ಹೇಳಿ ಮುಗಿಸಿ, ಪ್ರಶ್ನೆಗಳಿವೆಯೇ ಎಂದಾಗ ಅವನು ಎದ್ದುನಿಂತ.

"ಪ್ರಶ್ನೆ ಇಲ್ಲ. ಒಂದು ವಿಷ್ಯ ಹೇಳ್ಬೇಕು," ಎಂದ. "ಪುಡಿ ಮಾಡಿದ್ದು ನಾನೇ, ಜರಡಿ ಹಿಡಿದದ್ದು ನಾನೇ. ತಪ್ಪು ಹುಡುಕೋಕೆ ನನಗಿಂತ ಹೆಚ್ಚಾಗಿ ಯಾರೂ ಒದ್ದಾಡಿರಲ್ಲ. ಸಿಗಲಿಲ್ಲ. ಪಾಪೋಸೊ ಕಬ್ಬಿಣದ ಚೂರು ಅಂತ ನಾನು ಬರೆದಿದ್ದನ್ನ ನಿಮ್ಮಲ್ಲಿ ಸುಮಾರು ಜನ ಓದಿ ಪಾಸಾಗಿದ್ದೀರಿ. ಅದು ತಪ್ಪು. ಅದು ಸಾಧಾರಣ ಕಲ್ಲು, ಬಿಸಿಲಿಗೆ ಸುಟ್ಟಿದೆ. ಹಾಗಂತ ಮೊದಲು ಹೇಳಿದೋಳು ಫ್ರೆಸಿಯಾ. ನಾನು ಕೇಳಿಸ್ಕೊಳ್ಳಲಿಲ್ಲ."

ಹೇಳಿ ಕೂತುಬಿಟ್ಟ. ಕೋಣೆಯಲ್ಲಿ ಯಾರೋ ಕೆಮ್ಮಿದರು. ಯಾಸ್ನಾ ತನ್ನ ಚಿತ್ರದ ಹಾಳೆಗಳನ್ನು ಜೋಡಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು.

ಈ ಫಲಿತಾಂಶದ ಪ್ರಬಂಧದಲ್ಲಿ ಫ್ರೆಸಿಯಾಳ ಹೆಸರೇ ಮೊದಲು ಬಂತು. ಅದರ ಕರಡು ಪ್ರತಿ ಹಿಡಿದು ಯಾಸ್ನಾ ಒಂದು ಸಂಜೆ ಮತ್ತೆ ಬ್ರೆಡ್ಡಿನ ಪೊಟ್ಟಣದೊಂದಿಗೆ ಬಂದಳು. ಮಿಲೆಂಕೊ ಕನ್ನಡಕ ಏರಿಸಿ ಓದತೊಡಗಿದ. ಅವಳು ಚಹಾ ಬಗ್ಗಿಸಿದಳು. ಮೂರನೆಯ ಪುಟಕ್ಕೆ ಬಂದವನು ನಿಂತ.

"ಇದೇನು? 'ಹೀಗೆ ಬಣ್ಣ ಕೆಡಲು ಹತ್ತಾರು ಕೋಟಿ ವರ್ಷ ಬೇಕು'? ಯಾರು ಹೇಳಿದ್ದು ನಿನಗೆ?"

"ಲೆಕ್ಕ ಇದೆಯಲ್ಲ ಪ್ರೊಫೆ, ಕೆಳಗೇ ಇದೆ. ಬಂದು ಬಡಿಯೋ ದೂಳು ಎಷ್ಟು ಅಂತ ಗೊತ್ತು. ಅಷ್ಟು ಪೆಟ್ಟು ಬೀಳಬೇಕಂದ್ರೆ ಅಷ್ಟು ಕಾಲ ಬೇಕೇ ಬೇಕು."

"ದೂಳಿನ ಲೆಕ್ಕ ಹಾಕಿದ್ದೀಯ. ಸೂರ್ಯನನ್ನ ಎಲ್ಲಿಟ್ಟೆ? ಅವನಿಂದ ಹಗಲೂ ರಾತ್ರಿ ಕಣಗಳು ಸುರೀತಾನೇ ಇರ್ತವೆ. ಅದೊಂದೇ ಸಾಕು, ಕೆಲವು ಲಕ್ಷ ವರ್ಷದಲ್ಲಿ ಮುಖ ಕಪ್ಪಾಗತ್ತೆ."

"ಲಕ್ಷವಾ? ಅದು ಹೇಗೆ ಸಾಧ್ಯ? ಹಾಗಿದ್ರೆ ಎಲ್ಲಾ ಕ್ಷುದ್ರಗ್ರಹಾನೂ ಒಂದೇ ಬಣ್ಣ ಇರ್ಬೇಕಿತ್ತು. ಇಲ್ವಲ್ಲ!"

"ಒಂದಕ್ಕೊಂದು ಡಿಕ್ಕಿ ಹೊಡೀತಾವೆ. ಮೇಲಿನ ದೂಳು ಮಗುಚತ್ತೆ. ಒಳಗಿನ ಹೊಸ ದೂಳು ಮೇಲೆ ಬರತ್ತೆ. ಅಷ್ಟೂ ಗೊತ್ತಿಲ್ವಾ?"

"ಗೊತ್ತು. ಆದರೆ ಅದಕ್ಕೆ ಪುರಾವೆ ಎಲ್ಲಿದೆ? ಸುಮ್ನೆ ಬಾಯಲ್ಲಿ ಹೇಳಿದ್ರೆ ಆಗಲ್ಲ," ಎಂದಳು ಯಾಸ್ನಾ. ಇಷ್ಟು ವರ್ಷದಲ್ಲಿ ಅವನೆದುರು ಅವಳ ದನಿ ಏರಿದ್ದು ಇದೇ ಮೊದಲು. "ಕೋಟಿ ಅಂದ್ರೆ ಕೋಟೀನೇ. ನಾನು ಒಂದು ಅಕ್ಷರ ಬದಲಾಯಿಸಲ್ಲ."

ಮಿಲೆಂಕೊ ಅವಳನ್ನೇ ನೋಡಿದ. ಈ ಹುಡುಗಿ ಸರಿಯಿರಬಹುದು ಎಂಬ ಭಯ ಅವನಲ್ಲಿ ಸಣ್ಣಗೆ ಎದ್ದಿತು. ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಚಹಾದ ಬಟ್ಟಲನ್ನು ಬದಿಗೆ ಸರಿಸಿ, ಅವಳ ಲೆಕ್ಕವನ್ನು ಮೊದಲಿಂದ ಓದತೊಡಗಿದ.